ಬೆಚ್ಚಗಿದೆ ಎಂದು ಬರೆದುಕೊಳ್ಳಿ

ಬೀದಿದೀಪಗಳ ಕಚೇರಿಯ ಗುಮಾಸ್ತರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು ಎಂದರೆ ಅದು ಅರ್ಧ ಸತ್ಯ. ಬೇರೆಯವರ ಮೂಗಿನ ತುದಿಯ ಸಿಟ್ಟು ಆಗಾಗ ಕೆಳಗೆ ಬೀಳುತ್ತದೆ. ಇವರದು ಅಲ್ಲೇ ಮನೆ ಕಟ್ಟಿಕೊಂಡಿತ್ತು. ಚಹಾ ಬಿಸಿಯಾಗಿದ್ದರೆ ಸಿಟ್ಟು, ಆರಿದ್ದರೆ ಸಿಟ್ಟು. ದೀಪ ಉರಿಯುತ್ತಿಲ್ಲ ಎಂದು ದೂರು ಕೊಡಲು ಬಂದವರ ಮೇಲೆ ಸಿಟ್ಟು. ಯಾರೂ ದೂರು ಕೊಡಲು ಬಾರದ ದಿನ, ಜನಕ್ಕೆ ಕತ್ತಲೆಯೇ ರೂಢಿಯಾಗಿ ಹೋಗಿದೆಯಲ್ಲ ಎಂದು ಇಡೀ ಊರಿನ ಮೇಲೆ ಸಿಟ್ಟು. ನಾಲ್ಕು ವರ್ಷದ ಹಿಂದೆ ಅವರ ರಕ್ತದೊತ್ತಡ ನೋಡಿದ ಡಾಕ್ಟರು, ತೋಳಿನ ಪಟ್ಟಿ ಬಿಚ್ಚುತ್ತ, "ಕೈಗೆ ಏನಾದ್ರೂ ಕೆಲಸ ಕೊಡಿ, ತಲೆ ತಣ್ಣಗಾಗುತ್ತೆ. ಸ್ವೆಟರ್ ಹೆಣೆಯೋದು ಕಲೀರಿ" ಎಂದರು. ಆ ಡಾಕ್ಟರಿಗೆ ದೇವರು ಒಳ್ಳೆಯದು ಮಾಡಲಿ. ಒಬ್ಬ ರೋಗಿಯ ಕಾಯಿಲೆಯನ್ನು ಅವರು ಇಡೀ ಬೀದಿಗೆ ಹಂಚಿದರು.

ಗುಮಾಸ್ತರು ಎರಡು ಕಡ್ಡಿ, ಒಂದು ಚೀಲ ಉಣ್ಣೆ ತಂದರು. ಕಲಿತರು. ಕುಣಿಕೆ ಹಾಕಲು ಬಂತು, ಸಾಲು ಏರಿಸಲು ಬಂತು, ತೋಳು ಕೂಡಿಸಲು ಬಂತು. ಆದರೆ ಹೆಣೆಯಲು ಕೂತಾಗ ಕಚೇರಿಯ ಅವಮಾನಗಳು ಒಂದೊಂದಾಗಿ ನೆನಪಾಗುತ್ತಿದ್ದವು, ನೆನಪಾದಾಗಲೆಲ್ಲ ಬೆರಳು ದಾರವನ್ನು ಜಗ್ಗುತ್ತಿತ್ತು. ಹಾಗಾಗಿ ಅವರ ಕೈಯಿಂದ ಇಳಿದ ಬಟ್ಟೆ ಎಳೆದರೆ ಹಿಗ್ಗುತ್ತಿರಲಿಲ್ಲ, ಮಡಚಿದರೆ ಮಣಿಯುತ್ತಿರಲಿಲ್ಲ. ಅವರ ಮಫ್ಲರನ್ನು ಛತ್ರಿಯ ಹಾಗೆ ಮೂಲೆಗೆ ಒರಗಿಸಿ ನಿಲ್ಲಿಸಬಹುದಿತ್ತು.

ಇದನ್ನು ಯಾರಾದರೂ ಒಬ್ಬರು ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಈ ಕಥೆಯ ಪಾಪವೆಲ್ಲ ಇರುವುದು ಇಲ್ಲೇ. ಉಡುಗೊರೆಯ ಕಾಗದ ಬಿಚ್ಚಿದ ಪ್ರತಿಯೊಬ್ಬರೂ, "ಅಯ್ಯೋ, ಎಷ್ಟು ಚೆನ್ನಾಗಿದೆ! ಅಂಗಡೀಲಿ ಹುಡುಕಿದ್ರೂ ಇಂಥದ್ದು ಸಿಗಲ್ಲ" ಎಂದರು. ಎರಡನೆಯ ಮಾತು ನಿಜವೇ ಆಗಿತ್ತು. ಮೊದಲನೆಯದಕ್ಕಾಗಿ ಇವರಿಗೆಲ್ಲ ನಾಲಿಗೆಗೆ ಬರೆ ಹಾಕಬೇಕು. ಎದುರಿಗೆ ಒಂದು, ಬೆನ್ನ ಹಿಂದೆ ಒಂದು ಮಾತಾಡುವ ಜನ ಎಲ್ಲ ಬೀದಿಯಲ್ಲೂ ಇರುತ್ತಾರೆ, ಆದರೆ ಒಬ್ಬ ಮನುಷ್ಯ ನಾಲ್ಕು ವರ್ಷ ರಾಶಿ ರಾಶಿ ಹೆಣೆದು ಹಂಚುವವರೆಗೂ ಸುಮ್ಮನಿದ್ದು ಹೊಗಳಿದ ಬೀದಿ ಇದೊಂದೇ ಇರಬೇಕು.

ಹೊಗಳಿಕೆ ತಲೆಗೇರಿತು. ಇನ್ನು ತಮ್ಮ ಕೈಕೆಲಸ ಬೀದಿಯ ಮಟ್ಟದಲ್ಲಿ ಉಳಿಯಬಾರದು ಎಂದು ಗುಮಾಸ್ತರಿಗೆ ಅನ್ನಿಸಿತು. ಅದೇ ಹೊತ್ತಿಗೆ ಕಚೇರಿಗೆ ಹೊಸ ಮೇಲಧಿಕಾರಿ ಬಂದರು. ಬಂದ ಮೊದಲ ದಿನವೇ ಏಳು ಸಲ ಸೀನಿದರು. ಗುಮಾಸ್ತರು ಬಾಗಿಲ ಹೊರಗೆ ನಿಂತು ಎಣಿಸಿದರು. ಇಪ್ಪತ್ತು ದಿನದಲ್ಲಿ ಪಾಚಿ ಹಸಿರಿನ, ಮುಂದೆ ಆರು ಗುಂಡಿಯ, ಗಾಳಿ ಅರ್ಜಿ ಕೊಟ್ಟರೂ ಒಳಗೆ ನುಗ್ಗಲಾರದಂಥ ಸ್ವೆಟರ್ ಒಂದು ತಯಾರಾಗಿ ಸಾಹೇಬರ ಮೇಜಿನ ಮೇಲೆ ಕೂತಿತು. ಸಾಹೇಬರು "ಓಹೋ" ಎಂದರು. ಗುಮಾಸ್ತರು ಆ ಓಹೋವನ್ನು ಮನೆಗೆ ತಂದು ಹೆಂಡತಿಗೆ ನಾಲ್ಕು ಸಲ ಹೇಳಿ ತೋರಿಸಿದರು.

ಎಂಟು ದಿನ ಬಿಟ್ಟು ಬಡ್ತಿಯ ಪಟ್ಟಿ ಬಂತು. ಶಾಖೆಯ ಮುಖ್ಯಸ್ಥರ ಕುರ್ಚಿಗೆ ಗುಮಾಸ್ತರ ಹೆಸರು. ಹನ್ನೊಂದು ವರ್ಷದಿಂದ ಅವರು ಆ ಕುರ್ಚಿಯನ್ನು ನೋಡುತ್ತ ಕೂತಿದ್ದರು; ಅವರಿಂದ ಕೆಲಸ ಕಲಿತ ಮೂವರು ಅದರ ಮೇಲೆ ಕೂತು, ಮೈಮುರಿದು, ಮೇಲೆ ಹೋಗಿಯೂ ಆಗಿತ್ತು. ಸೇವಾ ಹಿರಿತನದ ಮೇಲೆ ಬರಬೇಕಾದದ್ದು ಈಗ ಬಂತು, ಅಷ್ಟೆ. ಸ್ವೆಟರಿಗೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ಮರುವಾರ ಒಂದು ಮೂಗರ್ಜಿ ಹೋಯಿತು: 'ಸದರಿ ಗುಮಾಸ್ತರು ಮೇಲಧಿಕಾರಿಗಳಿಗೆ ಸ್ವೆಟರ್ ತೊಡಿಸಿ ಬಡ್ತಿ ಪಡೆದಿರುತ್ತಾರೆ.' ಬರೆದವರು ಯಾರೆಂದು ಕಚೇರಿಗೆಲ್ಲ ಗೊತ್ತಿತ್ತು. ಪಟ್ಟಿಯಲ್ಲಿ ಎರಡನೆಯ ಹೆಸರಿನ, ಎದುರು ಮೇಜಿನವರು ಅವತ್ತು ಎಂದೂ ಇಲ್ಲದ ವಿನಯದಿಂದ ಚಹಾ ಹೀರುತ್ತಿದ್ದರು.

ಮೇಲಧಿಕಾರಿಗಳು ಹೆದರಿ, ಸ್ವೆಟರನ್ನು ಕಾಗದದಲ್ಲಿ ಸುತ್ತಿ, ಮೇಲೆ ಅರಗಿನ ಮುದ್ರೆ ಒತ್ತಿ, 'ಇದನ್ನು ನಾನು ಒಮ್ಮೆಯೂ ಧರಿಸಿರುವುದಿಲ್ಲ' ಎಂದು ಬರೆದುಕೊಟ್ಟರು. ಗುಮಾಸ್ತರಿಗೆ ಆರೋಪಕ್ಕಿಂತ ಈ ವಾಕ್ಯ ಹೆಚ್ಚು ನಾಟಿತು.

ವಿಚಾರಣೆಗೆ ಬಂದ ಅಧಿಕಾರಿ ಕಡ್ಡಿಯಂಥ ಮನುಷ್ಯ, ಪ್ರಾಮಾಣಿಕ, ಸದಾ ಎರಡೂ ಅಂಗೈ ಉಜ್ಜಿಕೊಳ್ಳುವವರು. ಅವರಿಗೆ ಕೊಟ್ಟದ್ದು ಹಳೆಯ ಕಡತಗಳ ಕೋಣೆ. ಅದರ ಕಿಟಕಿಗೆ ಗಾಜಿರಲಿಲ್ಲ; ಗಾಜು ಬೇಕೆಂಬ ಕಡತ ಅದೇ ಕೋಣೆಯಲ್ಲಿ ಎಲ್ಲೋ ಇತ್ತು. ಚಳಿಗಾಲ. ಅವರು ಗುಮಾಸ್ತರನ್ನು ಕರೆದು ನಿಯಮದ ಪುಸ್ತಕ ಬಿಚ್ಚಿದರು.

"ನೋಡ್ರೀ, ನೀವು ಒಳ್ಳೆಯವರ ಥರ ಕಾಣ್ತೀರಿ. ಕೈಕೆಳಗಿನವರಿಂದ ಸಾಹೇಬರು ಉಪಯುಕ್ತ ವಸ್ತು ತಗೋಬಾರದು. ಹೂಗುಚ್ಛ, ಹಾರ, ಇಂಥ ನಿರುಪಯುಕ್ತ ವಸ್ತು ತಗೊಂಡ್ರೆ ತಪ್ಪಿಲ್ಲ. ನಿಮ್ಮ ಸ್ವೆಟರು ಯಾವ ಉಪಯೋಗಕ್ಕೂ ಬರಲ್ಲ ಅಂತ ಸಾಬೀತಾದ್ರೆ ಕೇಸು ಇಲ್ಲಿಗೇ ಮುಗೀತು. ಬಡ್ತಿ ನಿಮ್ಮದೇ."

"ಯಾವ ಉಪಯೋಗಕ್ಕೂ?" ಗುಮಾಸ್ತರ ಮೂಗು ಕೆಂಪಾಯಿತು.

"ಹೂಂ. ನಿಮ್ಮ ಕೈಯಿಂದ ಉಡುಗೊರೆ ತಗೊಂಡವರು ನಾಲ್ಕು ಜನ ಬಂದು ಹೇಳ್ಲಿ, ಇವರು ಹೆಣೆದದ್ದು ಎಂದೂ ಕೆಲಸಕ್ಕೆ ಬಂದಿಲ್ಲ ಅಂತ. ಸಿಗ್ತಾರಾ?"

"ಒಬ್ಬರೂ ಸಿಗಲ್ಲ!" ಎಂದು ಗುಮಾಸ್ತರು ಎದ್ದು ನಿಂತರು. "ನಾಲ್ಕು ವರ್ಷದಿಂದ ಹೆಣೀತಿದ್ದೀನಿ ಸ್ವಾಮಿ. ಒಬ್ಬನ ಬಾಯಲ್ಲಿ ಒಂದು ಕೆಟ್ಟ ಮಾತು ಬಂದಿಲ್ಲ."

"ಪ್ರಯತ್ನ ಮಾಡಿ ನೋಡಿ" ಎಂದರು ಅಧಿಕಾರಿ, ಪಾಪ, ಅನುಕಂಪದಿಂದ.

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿ ತರಕಾರಿ ಹೆಚ್ಚುತ್ತಲೇ ಇದ್ದಳು. ಅವಳ ತಮ್ಮ ಮಾತ್ರ, ಕಾರುಗಳಿಗೆ ಬಣ್ಣ ಹೊಡೆಯುವ ಕೆಲಸದವನು, ಕುರ್ಚಿಯಿಂದ ಹಾರಿ ಎದ್ದ. "ಭಾವ, ನೀವು ಚಿಂತೆ ಬಿಡಿ. ನಾಲ್ಕು ಯಾಕೆ, ಇಡೀ ಬೀದೀನೇ ಎಬ್ಬಿಸ್ಕೊಂಡು ಬರ್ತೀನಿ."

"ಅವರು ಸುಳ್ಳು ಹೇಳ್ಬೇಕಾಗುತ್ತಲ್ಲೋ, ನನ್ನ ಸಲುವಾಗಿ" ಎಂದು ಗುಮಾಸ್ತರು ಮರುಗಿದರು.

"ಏನು ಮಾಡೋದು ಭಾವ. ಕಷ್ಟಪಟ್ಟು ಹೇಳ್ತಾರೆ."

ಮರುದಿನ ಬೆಳಗ್ಗೆ ಕಡತದ ಕೋಣೆಯ ಮುಂದೆ ಹದಿನಾಲ್ಕು ಜನ ಸಾಲುಗಟ್ಟಿ ನಿಂತಿದ್ದರು. ಅರ್ಧ ದಿನ ರಜೆ ಹಾಕಿ ಬಂದವರಿದ್ದರು. ಉತ್ಸಾಹ ಎಷ್ಟಿತ್ತೆಂದರೆ ಯಾರು ಮೊದಲು ಒಳಗೆ ಹೋಗಬೇಕೆಂದು ಸಣ್ಣ ಜಗಳವೇ ಆಯಿತು. ಅಧಿಕಾರಿ, "ನಾಲ್ಕೇ ಜನ ಸಾಕು" ಎಂದಾಗ ಉಳಿದ ಹತ್ತು ಮಂದಿಯ ಮುಖ ಸಣ್ಣಗಾದದ್ದನ್ನು ಗುಮಾಸ್ತರು ನೋಡಿದರು. ಆದರೂ ಹೊರಡದೆ ಅವರೆಲ್ಲ ಬಾಗಿಲಲ್ಲೇ ನಿಂತರು.

ಮೊದಲು ಬಂದವರು ಮೂಲೆಮನೆಯ ನಿವೃತ್ತ ಪೋಸ್ಟ್ ಮಾಸ್ಟರು. ಅಧಿಕಾರಿ ಅರಗಿನ ಮುದ್ರೆ ಒಡೆದು ಸ್ವೆಟರನ್ನು ಮೇಜಿನ ಮೇಲೆ ಹರಡಿ, ಅಂಗೈ ಉಜ್ಜಿಕೊಳ್ಳುತ್ತ ಕೇಳಿದರು: "ನಿಮಗೆ ಏನು ಕೊಟ್ಟಿದ್ರು?"

"ಮಫ್ಲರ್ ಸಾರ್. ಕತ್ತಿಗೆ ಸುತ್ಕೊಂಡ್ರೆ ತಲೆ ತಿರುಗಿಸೋಕಾಗಲ್ಲ. ಯಾರಾದ್ರೂ ಕರೆದ್ರೆ ಇಡೀ ಮೈ ತಿರುಗಿಸಬೇಕು. ಒಂದು ದಿನ ಸೈಕಲ್‌ನೋನು ಬಂದು ಗುದ್ದಿದ."

"ಈಗ ಎಲ್ಲಿದೆ?"

"ಗೇಟಿಗೆ ಕಟ್ಟಿದ್ದೀನಿ ಸಾರ್. ಚಿಲಕ ಮುರಿದಿತ್ತು."

"ಗೇಟಿಗಾ!" ಗುಮಾಸ್ತರು ಗುಡುಗಿದರು. "ಎರಡು ವರ್ಷದಿಂದ ಆ ಗೇಟಿನ ಮುಂದೆ ಓಡಾಡ್ತಿದ್ದೀನಿ, ಹಗ್ಗ ಅಂದ್ಕೊಂಡಿದ್ದೆ!" ಮರುಕ್ಷಣ ಅವರೇ ಬೆರಳೆತ್ತಿ ಕೇಳಿದರು: "ಗೇಟು ಒಂದು ಸಲಾನಾದ್ರೂ ತೆರ್ಕೊಂಡಿದೆಯಾ?"

"ಇಲ್ಲ, ಹಗ್ಗಕ್ಕಿಂತ ಗಟ್ಟಿ."

"ಬರ್ಕೊಳ್ಳಿ ಸ್ವಾಮಿ! ಹಗ್ಗಕ್ಕಿಂತ ಗಟ್ಟಿಯಂತೆ! ಇದು ಉಪಯೋಗ ಅಲ್ವಾ?"

"ರೀ" ಎಂದರು ಅಧಿಕಾರಿ, "ನೀವು ಯಾರ ಪರ?"

ಗುಮಾಸ್ತರು ಕೂತರು. ಕೂತದ್ದು ಕುರ್ಚಿಯ ಮೇಲೆ ಮಾತ್ರ. ಸಿಟ್ಟು ನಿಂತೇ ಇತ್ತು.

ಎರಡನೆಯವರು ಎದುರುಮನೆಯ ಟೀಚರಮ್ಮ. ಗುಮಾಸ್ತರು ಆಸೆಯಿಂದ ನೋಡಿದರು. ಮಕ್ಕಳಿಗೆ ಸತ್ಯ ಹೇಳಬೇಕೆಂದು ಕಲಿಸುವ ಹೆಂಗಸು. ಇದೇ ಅವರ ದೊಡ್ಡ ತಪ್ಪು ಲೆಕ್ಕ, ಏಕೆಂದರೆ ಆಕೆ ಸತ್ಯವನ್ನೇ ಹೇಳಿದರು.

"ಕೈಗವುಸು ಕೊಟ್ಟಿದ್ರು. ಎರಡೂ ಎಡಗೈದು. ಬಲಗೈಗೆ ಹಾಕ್ಕೊಂಡ್ರೆ ಹೆಬ್ಬೆರಳು ಅಂಗೈ ಹಿಂದೆ ಹೋಗುತ್ತೆ. ಬೋರ್ಡ್ ಮೇಲೆ ಬರೆಯೋಕೆ ಹೋದೆ, ಕ್ಲಾಸೆಲ್ಲ ನಕ್ಕುಬಿಡ್ತು. ಈಗ ಬಿಸಿ ಪಾತ್ರೆ ಇಳಿಸೋಕೆ ಇಟ್ಕೊಂಡಿದ್ದೀನಿ."

ಅಷ್ಟರಲ್ಲಿ ಕಿಟಕಿಯಿಂದ ಗಾಳಿ ಬೀಸಿತು. ಅಧಿಕಾರಿ ಬರೆಯುತ್ತಲೇ ಎಡಗೈಯಿಂದ ಸ್ವೆಟರನ್ನು ಎಳೆದು ಮಂಡಿಯ ಮೇಲೆ ಹಾಕಿಕೊಂಡರು.

"ಟೀಚರಮ್ಮ" ಗುಮಾಸ್ತರು ಮತ್ತೆ ಎದ್ದರು, "ಹೋದ ವರ್ಷ ನೀವು ನಮ್ಮ ಮನೆ ಮೆಟ್ಟಿಲ ಮೇಲೆ ನಿಂತು ಏನಂದ್ರಿ? 'ಇದನ್ನ ಹಾಕ್ಕೊಂಡ್ರೆ ಮಹಾರಾಣಿ ಥರ ಅನ್ಸುತ್ತೆ' ಅನ್ನಲಿಲ್ವಾ?"

"ಅಂದೆ. ನೀವು ಮೆಟ್ಟಿಲಿಗೆ ಅಡ್ಡ ನಿಂತಿದ್ರಿ. ಅನ್ನದೇ ಬಿಡ್ತಿದ್ರಾ?"

"ಪಾತ್ರೆ ಇಳಿಸುವಾಗ ಕೈ ಸುಡ್ತಾ?"

"ಇಲ್ಲ, ಸುಡಲಿಲ್ಲ."

"ಸುಡಲ್ವಂತೆ! ಬರ್ಕೊಳ್ಳಿ! ಅದ್ಯಾಕೆ ಬರ್ಕೊಳ್ಳಲ್ಲ ನೀವು?"

ಮೂರನೆಯವನು ಭಾಮೈದ. ಅವನು ಒಳಗೆ ಬರುತ್ತಲೇ ಭಾವನಿಗೆ ಕಣ್ಣು ಹೊಡೆದು, ನೋಡ್ತಿರಿ ಹೇಗೆ ಉಳಿಸ್ತೀನಿ ಎಂಬಂತೆ ಎದೆ ಮುಂದೆ ಮಾಡಿ ನಿಂತ.

"ಸಾರ್, ನನಗೆ ಕೊಟ್ಟಿದ್ದು ತಲೆ ಮೇಲಿಂದ ಹಾಕ್ಕೊಳ್ಳೋ ಸ್ವೆಟರ್. ಬಸ್ ಸ್ಟಾಪಲ್ಲಿ ಚಳಿ ಆಯ್ತು ಅಂತ ಹಾಕ್ಕೊಂಡೆ. ಅರ್ಧ ತಲೆ ಹೋಯ್ತು, ಇನ್ನರ್ಧ ಹೋಗಲಿಲ್ಲ. ವಾಪಸ್ಸೂ ಬರಲಿಲ್ಲ. ಕೈ ಎರಡೂ ಮೇಲೆ. ಕಣ್ಣು ಕಾಣಲ್ಲ. ಮೂರು ಬಸ್ಸು ಹೋದ ಸದ್ದು ಕೇಳಿಸ್ತು ಸಾರ್. ಯಾರೋ ಪುಣ್ಯಾತ್ಮ ಪಕ್ಕದ ಟೈಲರ್ ಅಂಗಡಿಗೆ ಕೈ ಹಿಡ್ಕೊಂಡು ಹೋಗಿ ಕತ್ತರಿ ಹಾಕ್ಸಿದ."

ಬಾಗಿಲಲ್ಲಿದ್ದ ಹತ್ತು ಜನ ಗೊಳ್ಳೆಂದು ನಕ್ಕರು. ಅಧಿಕಾರಿಯೂ ನಗು ತಡೆಯಲು ತಲೆ ಬಗ್ಗಿಸಿ, ಹಾಗೆ ಬಗ್ಗಿಸಿದಾಗ ಬೆನ್ನಿಗೆ ಚಳಿ ಹೊಕ್ಕು, ಮಂಡಿಯ ಮೇಲಿದ್ದ ಸ್ವೆಟರನ್ನು ಎತ್ತಿ ಹೆಗಲಿಗೆ ಹೊದ್ದುಕೊಂಡರು.

ಗುಮಾಸ್ತರು ನಗಲಿಲ್ಲ. "ಕತ್ತರಿ ಹಾಕ್ಸಿದೆಯಾ? ಬಸ್ಸಲ್ಲಿ ಕಳ್ಳತನ ಆಯ್ತು ಅಂದಿದ್ದೆಯಲ್ಲೋ?"

ಭಾಮೈದನ ಎದೆ ಒಳಗೆ ಹೋಯಿತು. "ಅದು... ಭಾವ..."

"ಪೊಲೀಸ್ ಸ್ಟೇಷನ್‌ಗೆ ಮೂರು ಸಲ ಹೋಗಿದ್ದೀನಿ ನಾನು! ಇನ್ಸ್‌ಪೆಕ್ಟರ್ ಹತ್ರ ಜಗಳ ಆಡಿದ್ದೀನಿ! 'ಸ್ವೆಟರ್ ಹುಡುಕೋಕೆ ನಾಯಿ ಬಿಡಿ' ಅಂತ ಅರ್ಜಿ ಕೊಟ್ಟಿದ್ದೀನಿ! ಆ ಸ್ಟೇಷನ್‌ನಲ್ಲಿ ಈಗ್ಲೂ ನನ್ನ ನೋಡಿದ್ರೆ ಬಾಗಿಲು ಹಾಕ್ಕೋತಾರೆ!"

"ನಿಮ್ಮ ಮನಸ್ಸು ನೋಯಿಸಬಾರದು ಅಂತ ಹೇಳ್ದೆ, ಭಾವ."

"ಈಗ ನೋಯ್ತಿಲ್ವೇನೋ ಕತ್ತೆ?"

ಎಲ್ಲರೂ ಒಮ್ಮೆ ಕಡತಗಳ ಕಡೆ ನೋಡಿದರು.

ನಾಲ್ಕನೆಯ ಸಾಕ್ಷಿ ಹೆಂಡತಿ. ಅವಳು ಸೆರಗು ಸರಿಮಾಡಿಕೊಂಡು ಬಂದು, ಅಧಿಕಾರಿಯನ್ನು ನೋಡದೆ ಗಂಡನನ್ನೇ ನೋಡುತ್ತ ನಿಂತಳು. ಇನ್ನು ಇವಳೇನು ಬಿಚ್ಚಿಡುತ್ತಾಳೋ ಎಂದು ಗುಮಾಸ್ತರು ಕುರ್ಚಿಯ ತುದಿಗೆ ಸರಿದರು.

"ಅಮ್ಮ, ನಿಮಗೆ ಹೆಣೆದು ಕೊಟ್ಟಿದ್ದು ಹೇಗಿದೆ?"

"ನನ್ನ ಹತ್ರ ಇಲ್ಲ."

"ಅಂದ್ರೆ?"

"ಇದ್ದಿದ್ರೆ ಹೇಗಿದೆ ಅಂತ ಹೇಳ್ತಿದ್ದೆ. ಇಲ್ಲ. ಹೇಗಿರುತ್ತೋ ನನಗೇನು ಗೊತ್ತು?"

ಅಧಿಕಾರಿ 'ಈ ಸಾಕ್ಷಿಗೆ ವಿಷಯ ತಿಳಿದಿರುವುದಿಲ್ಲ' ಎಂದು ಬರೆದುಕೊಂಡರು. ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. ಭಲೇ ಜಾಣೆ! ಹೊಗಳಿದರೆ ಬಡ್ತಿ ಹೋಗುತ್ತದೆ, ತೆಗಳಿದರೆ ಗಂಡನ ಮಾನ ಹೋಗುತ್ತದೆ ಎಂದು ತಿಳಿದು ಹಾವೂ ಸಾಯದಂತೆ, ಕೋಲೂ ಮುರಿಯದಂತೆ ಮಾತಾಡಿದಳಲ್ಲ! ಇಡೀ ಬೀದಿಯಲ್ಲಿ ತನ್ನ ಕಡೆಯವಳು ಅವಳೊಬ್ಬಳೇ ಎಂದುಕೊಂಡರು. ಅವಳು ಆಗಲೇ ಹೊರಗೆ ನಡೆದಿದ್ದಳು.

"ಮುಗೀತು" ಎಂದರು ಅಧಿಕಾರಿ. "ಮೂರು ಸಾಕ್ಷಿ ಧಾರಾಳ ಆಯ್ತು. ಬರೀತೀನಿ, ಕೇಳಿ." ಅವರು ಗಟ್ಟಿಯಾಗಿ ಓದುತ್ತ ಬರೆಯತೊಡಗಿದರು: "ಸದರಿ ಗುಮಾಸ್ತರು ಹೆಣೆದ ವಸ್ತುಗಳು ಧರಿಸಲು ಅಯೋಗ್ಯವೆಂದೂ, ಮೈಗಾಗಲಿ ಕೈಗಾಗಲಿ ಕುತ್ತಿಗೆಗಾಗಲಿ ಯಾವ ಪ್ರಯೋಜನಕ್ಕೂ ಬಾರವೆಂದೂ ಸಂಶಯಾತೀತವಾಗಿ ರುಜುವಾತಾಗಿರುವುದರಿಂದ..." ನಡುವೆ ಚಳಿಯಲ್ಲಿ ಬೆರಳು ಸೆಟೆದು ಅಕ್ಷರ ಸೊಟ್ಟಗಾಯಿತು. ಲೇಖನಿ ಕೆಳಗಿಟ್ಟು, ಹೆಗಲ ಮೇಲಿದ್ದುದಕ್ಕೆ ಒಂದು ತೋಳು ತೂರಿಸಿದರು. ಇನ್ನೊಂದು ತೋಳನ್ನೂ ತೂರಿಸಿದರು. ಗುಂಡಿ ಹಾಕಿಕೊಂಡು, ಹಾ ಎಂದು ಉಸಿರು ಬಿಟ್ಟು, ಮತ್ತೆ ಲೇಖನಿ ಎತ್ತಿ, "ಇದೊಂದು ಸಂಪೂರ್ಣ ನಿರುಪಯುಕ್ತ ವಸ್ತು" ಎಂದು ಮುಗಿಸಿ, ಕಾಗದವನ್ನು ತಿರುಗಿಸಿಟ್ಟರು. "ಇಲ್ಲಿ ಸಹಿ ಹಾಕಿ. ಒಪ್ಪಿದೆ ಅಂತ. ಶುಭಾಶಯ, ಮುಖ್ಯಸ್ಥರೇ."

ಗುಮಾಸ್ತರು ಲೇಖನಿ ತೆಗೆದುಕೊಂಡರು. ಹನ್ನೊಂದು ವರ್ಷದ ಕುರ್ಚಿ ಒಂದು ಸಹಿಯಷ್ಟು ದೂರದಲ್ಲಿತ್ತು. ಆಗ ಅವರ ಕಣ್ಣು ಕಾಗದವನ್ನು ಒತ್ತಿ ಹಿಡಿದಿದ್ದ ಕೈಯ ಮೇಲೆ ಬಿತ್ತು. ಕೈಯಿಂದ ತೋಳಿಗೆ ಹೋಯಿತು. ತೋಳು ಪಾಚಿ ಹಸಿರಾಗಿತ್ತು.

ಬುದ್ಧಿಯಿರುವ ಯಾವ ಮನುಷ್ಯನಾದರೂ ಇಂಥ ಹೊತ್ತಿನಲ್ಲಿ ಕಣ್ಣು ಮುಚ್ಚಿಕೊಂಡು ಸಹಿ ಹಾಕುತ್ತಾನೆ. ಗುಮಾಸ್ತರಿಗೆ ಬುದ್ಧಿಯಿರಲಿಲ್ಲ ಎಂದಲ್ಲ. ಸಿಟ್ಟು ಬಂದಾಗ ಅದು ಮನೆಯಲ್ಲಿರುತ್ತಿರಲಿಲ್ಲ, ಅಷ್ಟೆ.

"ಏನ್ರೀ ಇದು!" ಅವರು ಮೇಜಿಗೆ ಗುದ್ದಿದರು. ಶಾಯಿಯ ಬಾಟಲಿ ಹಾರಿತು. "ನೀವು ಹಾಕ್ಕೊಂಡಿರೋದು ಏನು?"

ಅಧಿಕಾರಿ ತಮ್ಮ ಎದೆ ನೋಡಿಕೊಂಡು ಬೆಚ್ಚಿದರು. "ಓ... ಇದು... ನೋಡ್ಲಿಲ್ಲ."

"ನೋಡ್ಲಿಲ್ವಾ? ಆರು ಗುಂಡಿ ಹಾಕ್ಕೊಂಡಿದ್ದೀರಿ! ನನ್ನ ಸ್ವೆಟರ್ ಮೈಮೇಲೆ ಹಾಕ್ಕೊಂಡು ಅದನ್ನೇ ನಿರುಪಯುಕ್ತ ಅಂತ ಬರೀತೀರಾ? ಉಂಡ ಮನೆ ಜಂತೆ ಎಣಿಸ್ತೀರಾ?"

"ರೀ, ಮೆಲ್ಲಗೆ. ಸುಮ್ಮನೆ ಸಹಿ ಹಾಕ್ರೀ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ."

"ಭಾವ, ಹಾಕಿ ಭಾವ!" ಬಾಗಿಲಿನಿಂದ ಭಾಮೈದ ಅಂಗಲಾಚಿದ.

"ಒಂದೇ ಮಾತು ಕೇಳ್ತೀನಿ. ಬೆಚ್ಚಗಿದೆಯೋ ಇಲ್ವೋ?"

"ಅದು ಈ ವಿಚಾರಣೆಗೆ ಸಂಬಂಧ..."

"ಬೆಚ್ಚಗಿದೆಯೋ ಇಲ್ವೋ?"

ಪ್ರಾಮಾಣಿಕರಿಗೂ ಸಿಟ್ಟು ಬರುತ್ತದೆ. ಅಧಿಕಾರಿ ಎದ್ದು ನಿಂತು, ಕೋಣೆ ನಡುಗುವಂತೆ ಕೂಗಿದರು: "ಬೆಚ್ಚಗಿದೆ ಕಣ್ರೀ! ಈ ದರಿದ್ರ ಕೋಣೇಲಿ ಬೆಳಗ್ಗೆಯಿಂದ ಬೆಚ್ಚಗಿರೋದು ಇದೊಂದೇ! ಸಾಕಾ?"

"ಬರ್ಕೊಳ್ಳಿ!"

ಅವರು ಬರೆದುಕೊಂಡರು. ಮೊದಲಿನ ಕಾಗದ ಹರಿದು ಹಾಕಿ, 'ವಸ್ತುವು ಉಪಯುಕ್ತವೆಂದು ವಿಚಾರಣಾಧಿಕಾರಿಯು ಸ್ವಂತ ಅನುಭವದಿಂದ ಕಂಡುಕೊಂಡಿರುತ್ತಾರೆ' ಎಂದು ಬರೆದರು. ಬಡ್ತಿ ರದ್ದಾಯಿತು. ಮೇಲಧಿಕಾರಿಗಳಿಗೆ ಎಚ್ಚರಿಕೆಯ ಪತ್ರ ಹೋಯಿತು. ಕುರ್ಚಿಯನ್ನು ಎದುರು ಮೇಜಿನವರಿಗೆ ಕೊಡುವುದೆಂದಾಯಿತು. ಗುಮಾಸ್ತರು ಕೆಳಗೆ ಇಷ್ಟುದ್ದ ಸಹಿ ಹಾಕಿದರು.

ಬೀದಿಯವರು ಅವರನ್ನು ದಾರಿಯುದ್ದಕ್ಕೂ ಬೈದರು. "ನಾವು ರಜೆ ಹಾಕಿ ಬಂದ್ವಿ" ಎಂದರು ಪೋಸ್ಟ್ ಮಾಸ್ಟರು, ನಿವೃತ್ತರಾಗಿ ಆರು ವರ್ಷವಾಗಿದ್ದರೂ. ಭಾಮೈದ ಹಣೆ ಚಚ್ಚಿಕೊಂಡು ತನ್ನ ದಾರಿ ಹಿಡಿದ. ಗುಮಾಸ್ತರು ಮಾತ್ರ ಯುದ್ಧ ಗೆದ್ದವರಂತೆ ಮನೆಗೆ ಬಂದರು. ಹೆಂಡತಿ ಮಲಗುವ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿ ಗುಮಾಸ್ತರು ತಾವೇ ಮೊದಲು ಬಾಯಿ ತೆರೆದರು.

"ನೀನು ಬಯ್ಯೋದು ಸರಿಯೇ. ಬಡ್ತಿ ಹೋಯ್ತು. ಆದ್ರೆ ಮಾನ ಉಳೀತು ನೋಡು."

"ಬಡ್ತಿ ಯಾರಿಗೆ ಬೇಕಿತ್ತು?" ಎಂದಳು ಅವಳು.

"ಮತ್ತೆ?"

"ಮತ್ತೆ ಅಂತ ಕೇಳ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?" ಅವಳ ದನಿ ಏರಿತು. "ಪೋಸ್ಟ್ ಮಾಸ್ಟರ ಗೇಟಿಗಿದೆ. ಟೀಚರಮ್ಮನ ಪಾತ್ರೆಗಿದೆ. ಎಲ್ಲಿಂದಲೋ ಬಂದ ಸಾಹೇಬರ ಸೀನಿಗಿದೆ. ನಾಲ್ಕು ವರ್ಷ ಉಣ್ಣೆ ಲಡಿ ಎರಡೂ ಕೈಗೆ ಹಾಕ್ಕೊಂಡು ಗೊಂಬೆ ಥರ ನಿಮ್ಮೆದುರಿಗೆ ಕೂತಿರೋಳು ನಾನು. ನೀವು ಸುತ್ತಿದ ಒಂದೊಂದು ಉಂಡೆಯೂ ಈ ಕೈಯಿಂದ ಬಿಚ್ಕೊಂಡಿದ್ದು. ಇವತ್ತು ಆ ಜನದ ಮುಂದೆ ನಿಂತು, ನನ್ನ ಹತ್ರ ಒಂದೂ ಇಲ್ಲ ಅಂತ ಹೇಳ್ದೆನಲ್ಲ, ಆಗ ನನಗೆ ಹೇಗಾಗಿರಬೇಡ! ಚೆನ್ನಾಗಿಲ್ಲ ಅಂತ ಹೇಳೋ ಭಾಗ್ಯವೂ ನನಗಿಲ್ಲ!"

ಗುಮಾಸ್ತರು ತಮ್ಮೊಳಗೆಲ್ಲ ಹುಡುಕಿ ನೋಡಿದರು, ಸಿಟ್ಟು ಎಲ್ಲೂ ಸಿಗಲಿಲ್ಲ. ಕೊನೆಗೆ ಈ ಹೊತ್ತಿನಲ್ಲಿ ಕೇಳಬಾರದ ಒಂದೇ ಒಂದು ಪ್ರಶ್ನೆಯನ್ನು ಕೇಳಿದರು.

"ನಿನ್ನ ಅಳತೆ ಎಷ್ಟು?"

ಬಾಗಿಲು ಧಡಾರೆಂದು ಮುಚ್ಚಿತು. ಮೇಲಧಿಕಾರಿಯ ಎದೆಯ ಸುತ್ತಳತೆಯನ್ನು ಬಾಗಿಲ ಸಂದಿಯಿಂದಲೇ ಅಂದಾಜು ಮಾಡಿದ್ದ ಮನುಷ್ಯ, ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳ ಅಳತೆ ಗೊತ್ತಿಲ್ಲದೆ ಹೊರಗೆ ನಿಂತರು. ಬಾಗಿಲು ತಟ್ಟಿದರು. ಹೆಸರು ಹಿಡಿದು ಕರೆದರು. ತಪ್ಪಾಯ್ತು ಎಂದರು, ಆ ಮಾತು ಅಭ್ಯಾಸವಿಲ್ಲದ್ದರಿಂದ ಅದೂ ಗದರಿದ ಹಾಗೇ ಕೇಳಿಸಿತು.

"ಭುಜ ಹದಿನೈದು!" ಎಂದು ಒಳಗಿನಿಂದ ಕೂಗು ಬಂತು. "ತೋಳು ಇಪ್ಪತ್ತು! ಇನ್ನೊಂದ್ಸಲ ಹೇಳಲ್ಲ!"

ಗುಮಾಸ್ತರು ಲೇಖನಿಗಾಗಿ ಜೇಬು ತಡಕಾಡಿದರು, ಅಂಗೈ ಮೇಲೆ ಬರೆದುಕೊಂಡರು. ಎದುರುಮನೆಯ ಕಿಟಕಿ ತೆರೆದುಕೊಂಡದ್ದು ಕೇಳಿಸಿತು. ಅವರು ಬಾಗಿಲಿಗೆ ಬಾಯಿ ಹಚ್ಚಿ, ಜೀವಮಾನದಲ್ಲೇ ಮೊದಲ ಸಲ ಮೆತ್ತಗೆ ಕೇಳಿದರು.

"ಸೊಂಟ?"

ಒಳಗೆ ಕಪಾಟು ತಡಕಾಡಿದ ಸದ್ದಾಯಿತು. ಆಮೇಲೆ ಬಾಗಿಲು ಪೂರ್ತಿ ತೆರೆಯಿತು. ಅಳತೆಯ ಟೇಪು ಹಾರಿ ಬಂದು ಅವರ ಮುಖಕ್ಕೆ ಬಡಿಯಿತು. ಅವಳು ಕಣ್ಣು ಕೆಂಪಗೆ ಮಾಡಿಕೊಂಡು, ಎರಡೂ ಕೈ ಅಗಲಿಸಿ ನಿಂತಿದ್ದಳು.

"ಹೂಂ, ತಗೊಳ್ಳಿ ಅಳತೆ."

ಗುಮಾಸ್ತರು ಅಳೆದರು. ಎರಡು ಸಲ ತಪ್ಪಿತು. ಮೂರನೆಯ ಸಲ ಟೇಪಿನ ಒಂದು ತುದಿಯನ್ನು ಅವಳೇ ಹಿಡಿದುಕೊಂಡಳು; ಸಿಟ್ಟನ್ನು ಮಾತ್ರ ಬಿಡಲಿಲ್ಲ.